ಕಾವ್ಯಾರಂಭ: ಮೊದಲ ಸಾಲು ಮತ್ತು ಓದುಗನ ನೆನಪು

1

ಕನ್ನಡ ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯೊಂದನ್ನು ತೆರೆದು ನೋಡಿದರೆ ಕೃತಿಗಳ ವಿವರದಲ್ಲಿ ‘ಆದಿ’ ಮತ್ತು ‘ಅಂತ್ಯ’ ಎಂಬ ಎರಡು ಅಂಶಗಳು ಕಾಣಿಸುತ್ತವೆ. ಕೃತಿಯ ಹೆಸರು, ಕವಿಯ ಹೆಸರು, ಗರಿಗಳ ಸಂಖ್ಯೆ ಇವುಗಳ ಜೊತೆಗೆ ಮೊದಲ ಪದ್ಯವನ್ನು ಬರೆದಿಡುವುದು ಸೂಚಿಕಾರರು ಪಾಲಿಸಿಕೊಂಡು ಬಂದ ಕ್ರಮ. ಓಲೆಯ ಕಟ್ಟಿನಲ್ಲಿ ಮೊದಲ ಗರಿಗಳು ಮುರಿದುಹೋಗಿದ್ದರೆ ಆ ಕೃತಿ ಯಾವುದೆಂದು ಗುರುತಿಸಲು ವಿದ್ವಾಂಸರು ಬಹಳ ಶ್ರಮಪಡಬೇಕಾಗುತ್ತದೆ. ವಚನಗಳ ಸಂಪುಟಗಳನ್ನು ನೋಡಿದರೂ ಇದೇ ಸಂಗತಿ ಕಾಣುತ್ತದೆ. ವಚನಕ್ಕೆ ಶೀರ್ಷಿಕೆಯೆಂಬುದಿಲ್ಲ, ಸಂಪುಟದ ಕೊನೆಯ ಅಕಾರಾದಿಯಲ್ಲಿ ಅದರ ಮೊದಲ ಸಾಲೇ ಅದರ ಹೆಸರು. ದಾಸರ ಕೀರ್ತನೆಯಲ್ಲಂತೂ ಮೊದಲ ಸಾಲು ಪಲ್ಲವಿಯಾಗಿ ಪ್ರತಿಯೊಂದು ನುಡಿಯ ಕೊನೆಗೂ ಮರಳಿ ಬರುತ್ತದೆ. ಹಾಡಿನ ಉಳಿದ ನುಡಿಗಳನ್ನು ಮರೆತವರೂ ಪಲ್ಲವಿಯನ್ನು ಮರೆಯುವುದಿಲ್ಲ.

ಹೀಗೆ ನಮ್ಮ ಪರಂಪರೆಯಲ್ಲಿ ಮೊದಲ ಸಾಲು ಕೃತಿಯ ಗುರುತೇ ಆಗಿದೆ. ಆದರೆ ಗುರುತಿಗೆ ಬೇಕಾದುದನ್ನು ನೆನಪಿಡುವುದು ಬೇರೆ, ಪ್ರೀತಿಯಿಂದ ನೆನಪಿಡುವುದು ಬೇರೆ. ಓದುಗರು ಕೆಲವು ಕೃತಿಗಳ ಆರಂಭವನ್ನು ವಿಶೇಷವಾಗಿ ಮೆಚ್ಚಿಕೊಳ್ಳುವುದು ಏತಕ್ಕೆ? ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ಕುತೂಹಲ ಎಂಬುದು. ಮೊದಲ ವಾಕ್ಯ ಓದುಗನನ್ನು ತಡೆದು ನಿಲ್ಲಿಸಬೇಕು, ಮುಂದೇನು ಎಂದು ಕೇಳುವಂತೆ ಮಾಡಬೇಕು ಎಂದು ಕಥನಕಲೆಯ ಕೈಪಿಡಿಗಳು ಹೇಳುತ್ತವೆ. ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರಿಜುಡಿಸ್’, ಟಾಲ್‌ಸ್ಟಾಯ್‌ಯ ‘ಅನ್ನಾ ಕರೆನಿನ’ ಕಾದಂಬರಿಗಳ ಮೊದಲ ವಾಕ್ಯಗಳು ಈ ಸಂದರ್ಭದಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತವೆ. ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. ಕುತೂಹಲವೇ ಮುಖ್ಯವಾಗಿದ್ದರೆ ಕತೆ ಮುಗಿದ ಮೇಲೆ ಮೊದಲ ವಾಕ್ಯದ ಆಕರ್ಷಣೆಯೂ ಮುಗಿಯಬೇಕಾಗಿತ್ತು. ವಾಸ್ತವದಲ್ಲಿ ಆಗುವುದು ಇದಕ್ಕೆ ವಿರುದ್ಧ. ಕೃತಿಯನ್ನು ಪೂರ್ತಿಯಾಗಿ ಬಲ್ಲವನೇ ಮೊದಲ ಸಾಲನ್ನು ಹೆಚ್ಚು ಪ್ರೀತಿಸುತ್ತಾನೆ.

ಒಳ್ಳೆಯ ಆರಂಭ ಎರಡು ಕೆಲಸಗಳನ್ನು ಮಾಡುತ್ತದೆಂಬುದು ನನ್ನ ತಿಳಿವಳಿಕೆ. ಹೇಳುವವನಿಗೂ ಕೇಳುವವನಿಗೂ ನಡುವಿನ ಸಂಬಂಧ ಯಾವುದೆಂಬುದನ್ನು ಅದು ಗೊತ್ತುಮಾಡುತ್ತದೆ, ಇದು ಒಂದನೆಯದು. ಕೃತಿಯ ಕೊನೆಯನ್ನು ಮುಟ್ಟಿ ಹಿಂದಿರುಗಿದವನಿಗೆ ಮಾತ್ರ ತೆರೆದುಕೊಳ್ಳುವ ಅರ್ಥವೊಂದನ್ನು ಅದು ಕಾಯ್ದಿರಿಸುತ್ತದೆ, ಇದು ಎರಡನೆಯದು. ಕನ್ನಡದ ಕೆಲವು ಕೃತಿಗಳ ಆರಂಭವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಆರಂಭದ ವಿಚಾರ ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶ ಇವು ಮೂರರಲ್ಲಿ ಒಂದು ಮಹಾಕಾವ್ಯದ ಮುಖದಲ್ಲಿರಬೇಕೆಂದು ದಂಡಿ ‘ಕಾವ್ಯಾದರ್ಶ’ದಲ್ಲಿ ಹೇಳಿದ್ದಾನೆ. ಕಾಳಿದಾಸನ ‘ರಘುವಂಶ’ ನಮಸ್ಕಾರದಿಂದ ಆರಂಭವಾದರೆ ‘ಕುಮಾರಸಂಭವ’ ಹಿಮಾಲಯದ ವರ್ಣನೆಯ ಮೂಲಕ ನೇರವಾಗಿ ವಸ್ತುವಿಗೆ ಪ್ರವೇಶಿಸುತ್ತದೆ. ಶಾಸ್ತ್ರಕಾರ ಮೂರು ಬಗೆಗಳನ್ನು ಹೇಳಿದರೂ ಸಮರ್ಥ ಕವಿಯ ಕೈಯಲ್ಲಿ ಅವು ಬೇರೆಬೇರೆಯಾಗಿ ಉಳಿಯುವುದಿಲ್ಲ. ಆಶೀರ್ವಾದವೇ ವಸ್ತುನಿರ್ದೇಶವೂ ಆಗಬಹುದು. ಪಂಪನ ‘ವಿಕ್ರಮಾರ್ಜುನ ವಿಜಯ’ದ ಮೊದಲ ಪದ್ಯ ಇದಕ್ಕೆ ಉತ್ತಮ ನಿದರ್ಶನ.

941ರಲ್ಲಿ ರಚಿತವಾದ ಈ ಕಾವ್ಯದ ಆಶ್ರಯದಾತ ವೇಮುಲವಾಡದ ಚಾಲುಕ್ಯ ಅರಿಕೇಸರಿ. ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಇಂದಿನ ಕರ್ನಾಟಕದ ಗಡಿಯ ಆಚೆಗಿದ್ದ ಅರಸನೊಬ್ಬನ ಆಸ್ಥಾನದಲ್ಲಿ ಕನ್ನಡದ ಈ ಮಹಾಕಾವ್ಯ ಹುಟ್ಟಿತೆಂಬುದನ್ನು ಹೈದರಾಬಾದಿನಲ್ಲಿಯೋ ಮುಂಬಯಿಯಲ್ಲಿಯೋ ಕನ್ನಡ ಓದುವವರು ಮರೆಯಬೇಕಾಗಿಲ್ಲ. ಕಾವ್ಯ ಮಂಗಳಕರವಾದ ‘ಶ್ರೀ’ಕಾರದಿಂದ ಮೊದಲಾಗುತ್ತದೆ. ಅಲ್ಲಿ ಕವಿ ತನ್ನ ಅರಸನನ್ನು ‘ಉದಾತ್ತನಾರಾಯಣ’ನೆಂದು ಕರೆದು ಅವನು ನಮಗೆ ಸುಖವನ್ನು ಕೊಡಲಿ ಎಂದು ಹಾರೈಸುತ್ತಾನೆ. ಮುಂದಿನ ಪದ್ಯಗಳಲ್ಲಿ ಅದೇ ಅರಸನನ್ನು ಮಹೇಶ್ವರ, ಮಾರ್ತಂಡ, ಮನೋಜರೊಡನೆಯೂ ಸಮೀಕರಿಸುತ್ತಾನೆ.

ಮೇಲುನೋಟಕ್ಕೆ ಇದು ಆಸ್ಥಾನಕವಿಯ ಹೊಗಳಿಕೆ. ಆದರೆ ‘ಉದಾತ್ತ’ ಎಂಬ ವಿಶೇಷಣ ಏಕೆ ಬಂತೆಂಬುದನ್ನು ಗಮನಿಸಬೇಕು. ಪುರಾಣದ ನಾರಾಯಣ ಲಕ್ಷ್ಮಿಯನ್ನು ಪಡೆದದ್ದು ಹಾಲ್ಗಡಲಿನಿಂದ. ಪಂಪನ ನಾಯಕ ಅವಳನ್ನು ಪಡೆದದ್ದು ಶತ್ರುಸೈನ್ಯವೆಂಬ ಕಡಲಿನಿಂದ. ಪುರಾಣದ ನಾರಾಯಣ ವಾಮನನಾಗಿ ಬಲಿಯಿಂದ ನೆಲವನ್ನು ಬೇಡಿದ. ಪಂಪನ ನಾಯಕ ಬೇಡದೆ, ವಿರೋಧಿ ಅರಸರನ್ನು ಒತ್ತರಿಸಿ ನೆಲವನ್ನು ತನ್ನದಾಗಿಸಿಕೊಂಡ. ಆದುದರಿಂದಲೇ ಈತ ಆ ನಾರಾಯಣನಿಗಿಂತ ಉದಾತ್ತ.

ನೆಲವನ್ನು ಬೇಡಿ ಪಡೆಯಬೇಕೆ, ಕಾದಿ ಪಡೆಯಬೇಕೆ? ಇದು ಮಹಾಭಾರತದ ಮೂಲಪ್ರಶ್ನೆಯೇ ಅಲ್ಲವೆ? ಪಾಂಡವರ ಪರವಾಗಿ ಕೃಷ್ಣ ಸಂಧಿಗೆ ಹೋಗುವುದು, ಆ ಬೇಡಿಕೆ ನಿರಾಕೃತವಾಗುವುದು, ಕೊನೆಗೆ ನೆಲ ರಕ್ತದಲ್ಲಿ ತೊಯ್ದು ಕೈಸೇರುವುದು, ಇಡೀ ಕಥೆ ಇದರ ಸುತ್ತಲೇ ಇದೆ. ಮೊದಲ ಸಲ ಓದುವಾಗ ಆ ಪದ್ಯ ಅರಸನ ಸ್ತುತಿಯಾಗಿ ಮಾತ್ರ ಕೇಳಿಸುತ್ತದೆ. ಕರ್ಣನ ಸಾವನ್ನೂ ದುರ್ಯೋಧನನ ಛಲವನ್ನೂ ಕಂಡು ಬಂದ ಓದುಗ ಮತ್ತೆ ಆ ಪದ್ಯಕ್ಕೆ ಮರಳಿದಾಗ ‘ಬೇಡದೆ ಪಡೆದ’ ನೆಲದ ಬೆಲೆ ಏನೆಂಬುದು ಅವನಿಗೆ ತಿಳಿದಿರುತ್ತದೆ. ಆಗ ಆ ಸ್ತುತಿಯ ಒಳಗೆ ಯುದ್ಧದ ಸದ್ದು ಕೇಳಿಸತೊಡಗುತ್ತದೆ. ಪದ್ಯದ ಒಂದಕ್ಷರವೂ ಬದಲಾಗಿಲ್ಲ; ಓದುಗ ಬದಲಾಗಿದ್ದಾನೆ.

ಪಂಪನ ಮೊದಲ ಪದ್ಯ ಅರಸನನ್ನು ಕುರಿತದ್ದು, ಆದರೆ ಅರಸನನ್ನು ಸಂಬೋಧಿಸಿದ್ದಲ್ಲ. ಅದು ಸಭೆಯಲ್ಲಿ ನಿಂತು ಪ್ರಥಮ ಪುರುಷದಲ್ಲಿ ಆಡಿದ ಮಾತು. ಕುಮಾರವ್ಯಾಸನಿಗೆ ಬಂದಾಗ ಈ ಸನ್ನಿವೇಶವೇ ಬೇರೆಯಾಗುತ್ತದೆ. ಗದುಗಿನ ಭಾರತವೂ ‘ಶ್ರೀ’ಕಾರದಿಂದಲೇ ಆರಂಭವಾಗುತ್ತದೆ, ಅಲ್ಲಿಯೂ ಲಕ್ಷ್ಮೀಪತಿಯೇ ಇದ್ದಾನೆ. ಆದರೆ ಅಲ್ಲಿ ಸಂಬೋಧನಾ ವಿಭಕ್ತಿ ಬಂದಿದೆ. ಕವಿ ದೇವರನ್ನು ನೇರವಾಗಿ ಕೂಗಿ ಕರೆಯುತ್ತಾನೆ; ಒಂದಾದ ಮೇಲೊಂದು ಕರೆ. ಆ ದೇವರಾದರೂ ವೈಕುಂಠದಲ್ಲಿ ಇರುವವನಲ್ಲ, ಗದುಗಿನ ಗುಡಿಯಲ್ಲಿ ನಿಂತಿರುವ ವೀರನಾರಾಯಣ. ಕನ್ನಡ ಕಾವ್ಯದ ಕೇಂದ್ರ ಅರಸನ ಆಸ್ಥಾನದಿಂದ ಊರಿನ ಗುಡಿಗೆ ಬಂದುದನ್ನು ಸಾಹಿತ್ಯಚರಿತ್ರೆಗಳು ಪುಟಗಟ್ಟಲೆ ವಿವರಿಸುತ್ತವೆ. ಕುಮಾರವ್ಯಾಸ ಒಂದು ವಿಭಕ್ತಿಯಲ್ಲಿ ಅದನ್ನು ಕಾಣಿಸಿಬಿಟ್ಟಿದ್ದಾನೆ.

ಆ ಷಟ್ಪದಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಿವಿಗೆ ಅಮೃತವಾಗುವ ಹೊಸ ಹೊಸ ಕಥನಕ್ಕೆ ಕಾರಣನಾದವನು ಎಂದು ಕವಿ ವೀರನಾರಾಯಣನನ್ನು ಹೊಗಳುತ್ತಾನೆ. ಮೊದಲ ಪದ್ಯದಲ್ಲಿಯೇ ಕೇಳುಗನ ಕಿವಿಯ ಪ್ರಸ್ತಾಪ ಬಂದಿರುವುದು ಆಕಸ್ಮಿಕವಲ್ಲ. ಇದು ಓದುವ ಕಾವ್ಯವಲ್ಲ, ಓದಿಸಿ ಕೇಳುವ ಕಾವ್ಯ. ಗಮಕಿ ಈ ಪದ್ಯವನ್ನು ಎತ್ತಿಕೊಂಡ ಕೂಡಲೇ ಸಭೆಯಲ್ಲಿ ಕುಳಿತ ಪ್ರತಿಯೊಬ್ಬನೂ ಕಾವ್ಯದೊಳಗೆ ತನಗೆ ಸ್ಥಾನವಿದೆಯೆಂಬುದನ್ನು ಅರಿಯದೆಯೇ ಅನುಭವಿಸುತ್ತಾನೆ. ಅಕ್ಷರ ಬಾರದವರೂ ಈ ಪದ್ಯವನ್ನು ಬಾಯಲ್ಲಿ ಇಟ್ಟುಕೊಂಡು ಬಂದುದಕ್ಕೆ ಛಂದಸ್ಸಿನ ಲಯ ಒಂದು ಕಾರಣವಾದರೆ, ತಮ್ಮನ್ನು ಒಳಗೆ ಕರೆದುಕೊಂಡ ಆ ಸಂಬೋಧನೆ ಇನ್ನೊಂದು ಕಾರಣ.

3

ಆರಂಭವನ್ನು ಕೇಳುಗ ಒಪ್ಪದಿದ್ದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿದವನು ಮುದ್ದಣ (1870–1901). ‘ಶ್ರೀರಾಮಾಶ್ವಮೇಧ’ದ ಮೊದಲಿನ ಮುದ್ದಣ–ಮನೋರಮೆಯರ ಸಲ್ಲಾಪ ಬಹು ಪ್ರಸಿದ್ಧವಾದುದು. ಅದನ್ನು ದಂಪತಿಗಳ ಸರಸವೆಂದು ಮೆಚ್ಚಿದವರು ಅನೇಕರು. ಕಾವ್ಯಾರಂಭದ ವಿಮರ್ಶೆಯೆಂದು ಅದನ್ನು ಓದಲು ಸಾಧ್ಯವಿದೆ.

ಮಳೆಗಾಲದ ಬೇಸರ ಕಳೆಯಲು ಮನೋರಮೆ ಕತೆ ಹೇಳೆಂದು ಗಂಡನನ್ನು ಕೇಳುತ್ತಾಳೆ. ಯಾವ ಕತೆ, ಪದ್ಯವೋ ಗದ್ಯವೋ ಎಂಬ ಚರ್ಚೆ ನಡೆಯುತ್ತದೆ. ಗದ್ಯವೆಂದು ತೀರ್ಮಾನವಾದ ಮೇಲೆ ಮುದ್ದಣ ಪೂರ್ವಸಂಪ್ರದಾಯದಂತೆ ದೀರ್ಘವಾದ ಸಂಸ್ಕೃತ ಸಮಾಸದಿಂದ ಕಥಾರಂಭ ಮಾಡುತ್ತಾನೆ. ಆ ವಾಕ್ಯ ಮುಗಿಯುವ ಮೊದಲೇ ಮನೋರಮೆ ಅವನನ್ನು ತಡೆಯುತ್ತಾಳೆ. ನೀರೂ ಇಳಿಯದ ಗಂಟಲಿಗೆ ಕಡುಬು ತುರುಕಿದಂತಾಯಿತೆಂದು ಆಕ್ಷೇಪಿಸುತ್ತಾಳೆ. ತಿರುಳ್ಗನ್ನಡದಲ್ಲಿ ಹೇಳೆಂದು ಕೇಳುತ್ತಾಳೆ.

ಸಾವಿರ ವರ್ಷಗಳ ಕಾವ್ಯಪರಂಪರೆಯಲ್ಲಿ ಕವಿಯ ಮೊದಲ ವಾಕ್ಯವನ್ನು ಕೇಳುಗಳೊಬ್ಬಳು ಹೀಗೆ ಅರ್ಧದಲ್ಲಿ ನಿಲ್ಲಿಸುವುದು ಸಾಮಾನ್ಯ ಸಂಗತಿಯಲ್ಲ. ಕತೆಯ ವಸ್ತುವಿನ ಬಗ್ಗೆ ಅವಳ ತಕರಾರಿಲ್ಲ; ರಾಮನ ಕತೆಯನ್ನೇ ಅವಳು ಒಪ್ಪಿದ್ದಾಳೆ. ಅವಳ ತಕರಾರು ಆ ವಾಕ್ಯ ತನ್ನನ್ನು ಯಾರೆಂದು ಭಾವಿಸಿದೆ ಎಂಬುದರ ಬಗ್ಗೆ. ಅದು ವಿದ್ವತ್ಸಭೆಯನ್ನು ಉದ್ದೇಶಿಸಿದ ವಾಕ್ಯ. ಎದುರಿಗಿರುವವಳು ಮನೆಯ ಹೆಂಗಸು. ಕೇಳುವವಳನ್ನು ಮರೆತ ಆರಂಭ ಎಷ್ಟೇ ಅಲಂಕೃತವಾಗಿದ್ದರೂ ನಿಷ್ಫಲವೆಂಬ ತತ್ತ್ವವನ್ನು ಮುದ್ದಣ ಶಾಸ್ತ್ರವಾಗಿ ಹೇಳದೆ ಹೆಂಡತಿಯ ಬಾಯಿಂದ ಆಡಿಸಿದ್ದಾನೆ. ಹಳೆಯ ಬಗೆಯ ಆರಂಭ, ಅದರ ನಿರಾಕರಣೆ, ಹೊಸ ಬಗೆಯ ಆರಂಭ ಇವು ಮೂರೂ ಒಂದೇ ಕೃತಿಯಲ್ಲಿ ಎದುರುಬದುರಾಗಿ ನಿಂತಿವೆ. ಮುದ್ದಣನನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆಯುವ ವಾಡಿಕೆಗೆ ಈ ಪ್ರಸಂಗವೊಂದೇ ಸಾಕಷ್ಟು ಸಮರ್ಥನೆ.

ಮಾಸ್ತಿಯವರ ಮೊದಲ ಕತೆಗಳಲ್ಲಿ ಒಂದಾದ ‘ರಂಗನ ಮದುವೆ’ ಇದೇ ಮಾತನ್ನು ಇನ್ನೊಂದು ರೀತಿಯಲ್ಲಿ ಮುಂದುವರಿಸುತ್ತದೆ. ಕತೆಗಾರ ಮೊದಲಿಗೆ ತನ್ನ ಶೀರ್ಷಿಕೆಯನ್ನೇ ಚರ್ಚೆಗೆ ತೆಗೆದುಕೊಳ್ಳುತ್ತಾನೆ. ಪೂರ್ವಕವಿಗಳ ‘ಜಗನ್ನಾಥ ವಿಜಯ’, ‘ಗಿರಿಜಾ ಕಲ್ಯಾಣ’ಗಳಂತೆ ಘನವಾದ ಹೆಸರನ್ನು ಏಕೆ ಇಡಲಿಲ್ಲವೆಂದು ಓದುಗ ಕೇಳಬಹುದೆಂದು ಊಹಿಸಿಕೊಂಡು, ಇದು ನಮ್ಮ ಊರಿನ ರಂಗನ ಕತೆ ಎಂದು ಸಮಾಧಾನ ಹೇಳುತ್ತಾನೆ. ಬಳಿಕ ಹೊಸಹಳ್ಳಿಯ ವರ್ಣನೆಗೆ ತೊಡಗಿ, ಭೂಗೋಳದ ಪುಸ್ತಕಗಳಲ್ಲಿ ಆ ಊರಿನ ಹೆಸರಿಲ್ಲದ್ದಕ್ಕೆ ವಿನೋದದಿಂದ ಮರುಗುತ್ತಾನೆ. ಮಹಾಕಾವ್ಯದ ಮಂಗಳಾಚರಣೆ ಮತ್ತು ಪುರವರ್ಣನೆಗಳು ಇಲ್ಲಿ ಜಗಲಿಯ ಮಾತುಕತೆಯಾಗಿ ಮಾರ್ಪಟ್ಟಿವೆ. ಸಂಪ್ರದಾಯವನ್ನು ಬಲ್ಲ ಓದುಗನಿಗೆ ಇದರಿಂದ ದೊರೆಯುವ ಸಂತೋಷ ಇಮ್ಮಡಿ. ಬಲ್ಲದವನಿಗೂ ನಷ್ಟವಿಲ್ಲ, ಹಿರಿಯರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡುತ್ತಿರುವ ಆತ್ಮೀಯತೆ ಅವನಿಗೂ ಸಿಗುತ್ತದೆ.

4

ಕಾದಂಬರಿಯಲ್ಲಿ ಮಂಗಳಾಚರಣೆಗೆ ಎಡೆಯಿಲ್ಲವೆಂದು ನಾವು ಭಾವಿಸುತ್ತೇವೆ. ಅದರ ಕಾರ್ಯ ಮಾತ್ರ ಬೇರೆ ರೂಪದಲ್ಲಿ ಉಳಿದುಕೊಂಡಿದೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕತೆಗಿಂತ ಮೊದಲೇ ಒಂದು ಘೋಷಣೆಯನ್ನು ಓದುಗನ ಮುಂದಿಡುತ್ತದೆ: ಈ ಲೋಕದಲ್ಲಿ ಮುಖ್ಯ–ಅಮುಖ್ಯ ಎಂಬ ಭೇದವಿಲ್ಲ, ವ್ಯರ್ಥವಾದದ್ದು ಯಾವುದೂ ಇಲ್ಲ ಎಂಬುದು ಅದರ ತಾತ್ಪರ್ಯ. ಕತೆ ಹೊರಡುವುದು ಅರಸನೊಡನೆಯೂ ಅಲ್ಲ, ಹೆಗ್ಗಡೆಯೊಡನೆಯೂ ಅಲ್ಲ. ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನೊಡನೆ. ಪಂಪನ ಮೊದಲ ಪದ್ಯದಲ್ಲಿ ಅರಸ ನಿಂತಿದ್ದ ಸ್ಥಾನದಲ್ಲಿ ಇಲ್ಲಿ ಗುತ್ತಿ ನಿಂತಿದ್ದಾನೆ. ಸಾವಿರ ವರ್ಷಗಳಲ್ಲಿ ಕನ್ನಡ ಸಾಹಿತ್ಯ ನಡೆದು ಬಂದ ದೂರವನ್ನು ಅಳೆಯಲು ಈ ಎರಡು ಆರಂಭಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಸಾಕು.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಮೊದಲ ವಾಕ್ಯವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕು. ಪ್ರಾಣೇಶಾಚಾರ್ಯರು ರೋಗಿಷ್ಠೆಯಾದ ಹೆಂಡತಿ ಭಾಗೀರಥಿಯ ಬತ್ತಿದ ದೇಹಕ್ಕೆ ಸ್ನಾನ ಮಾಡಿಸಿ, ಬಟ್ಟೆ ಉಡಿಸಿ, ದೇವರ ಪೂಜೆ ಮುಗಿಸಿ, ಅವಳಿಗೆ ಪ್ರಸಾದ ತೀರ್ಥಗಳನ್ನು ಕೊಟ್ಟು, ಗಂಜಿ ತರುವ ನಿತ್ಯವಿಧಿ ಅಲ್ಲಿ ವರ್ಣಿತವಾಗಿದೆ. ಇದರಲ್ಲಿ ಕೌತುಕವೇನೂ ಇಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಚಂದ್ರಿ ಬಂದು ನಾರಣಪ್ಪನ ಸಾವಿನ ಸುದ್ದಿಯನ್ನು ತಿಳಿಸುತ್ತಾಳೆ. ಆ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂಬುದೇ ಮುಂದಿನ ಕತೆ. ಜೀವವಿದ್ದೂ ಕೊರಡಿನಂತಾದ ದೇಹಕ್ಕೆ ಶ್ರದ್ಧೆಯಿಂದ ನಡೆಯುವ ಉಪಚಾರ ಮೊದಲ ವಾಕ್ಯದಲ್ಲಿದೆ. ಯಾರೂ ಮುಟ್ಟಲೊಲ್ಲದ ಹೆಣವೊಂದು ಅದರ ಬೆನ್ನಿಗೇ ಬರುತ್ತದೆ. ಕಾದಂಬರಿಯ ಶೀರ್ಷಿಕೆಯ ಅರ್ಥ ಈ ಎರಡು ದೇಹಗಳ ನಡುವೆ ತೂಗಾಡುತ್ತದೆ.

ಇನ್ನು ಆ ವಾಕ್ಯದ ರಚನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಸಹಜ. ಅದಕ್ಕೆ ಮುಂಚೆ ಕೃದಂತಾವ್ಯಯಗಳನ್ನು ಎಷ್ಟಾದರೂ ಪೋಣಿಸಬಹುದು. ಅನಂತಮೂರ್ತಿಯವರು ಈ ಅನುಕೂಲವನ್ನು ಪೂರ್ಣವಾಗಿ ಬಳಸಿಕೊಂಡಿದ್ದಾರೆ. ವಿಧಿಗಳು ಒಂದರ ಹಿಂದೊಂದರಂತೆ ಬರುತ್ತವೆ. ಅವುಗಳನ್ನು ಮಾಡುತ್ತಿರುವ ಮನುಷ್ಯನ ಹೆಸರು ಅವೆಲ್ಲ ಕಳೆದ ಮೇಲೆ, ತಡವಾಗಿ ಬರುತ್ತದೆ. ಕರ್ತೃ ಕರ್ಮಗಳ ಹಿಂದೆ ಮರೆಯಾಗಿದ್ದಾನೆ. ಪ್ರಾಣೇಶಾಚಾರ್ಯರ ಬದುಕೂ ಹಾಗೆಯೇ ಅಲ್ಲವೆ? ವಿಧಿನಿಷೇಧಗಳ ಹಿಂದೆ ಮರೆಯಾಗಿದ್ದ ವ್ಯಕ್ತಿಯೊಬ್ಬ ಹೊರಗೆ ಬರಬೇಕಾದ ಸಂಕಟವನ್ನೇ ಕಾದಂಬರಿ ಮುಂದೆ ಚಿತ್ರಿಸುತ್ತದೆ. ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ (1976) ಸಮರ್ಥವಾದುದೇ. ಆದರೂ ಇಂಗ್ಲಿಷಿನ ಜಾಯಮಾನಕ್ಕೆ ತಕ್ಕಂತೆ ಅಲ್ಲಿ ಕರ್ತೃಪದ ಮೊದಲು ಬರಲೇಬೇಕು. ಮಹಾನಗರಗಳಲ್ಲಿ ಬೆಳೆದ ಕನ್ನಡದ ಮಕ್ಕಳು ಈ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದ ಮೇಲೆ ಕನ್ನಡದ ಮೊದಲ ವಾಕ್ಯವನ್ನು ಒಮ್ಮೆಯಾದರೂ ಓದಬೇಕೆಂದು ಒತ್ತಾಯಿಸುವುದು ಇದಕ್ಕಾಗಿ. ಕತೆ ಎರಡರಲ್ಲಿಯೂ ಒಂದೇ. ಮನುಷ್ಯನನ್ನು ಅವನ ಕರ್ಮಗಳ ಹಿಂದೆ ಬಚ್ಚಿಟ್ಟು ತೋರಿಸುವ ವಾಕ್ಯ ಕನ್ನಡದಲ್ಲಿ ಮಾತ್ರ ಇದೆ.

ಇತ್ತೀಚಿನ ಕೃತಿಗಳಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಉಲ್ಲೇಖಾರ್ಹ. ಅದು ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲಿ, ವಿನ್ಸೆಂಟ್ ಎಂಬ ಮಾಣಿಯ ಪರಿಚಯದೊಂದಿಗೆ ಆರಂಭವಾಗುತ್ತದೆ. ಬಹಳ ಸಾಮಾನ್ಯವಾದ ಮಾತಿನ ಧಾಟಿ. ಮನೆಯೊಳಗಿನ ಹಿಂಸೆಯೊಂದನ್ನು ಹೇಳಲಾರದೆ ಹೇಳಬೇಕಾದವನು ಮನೆಯ ಹೊರಗಿನ ಮೇಜೊಂದರಲ್ಲಿ ಕುಳಿತು ಏಕೆ ಮಾತು ತೆಗೆದನೆಂಬುದು ಕೊನೆಯ ಪುಟದಲ್ಲಿ ಅದೇ ಕಾಫಿ ಹೌಸಿಗೆ ಮರಳಿದಾಗ ಓದುಗನಿಗೆ ಹೊಳೆಯುತ್ತದೆ. ಪಂಪನಲ್ಲಿ ಕಂಡ ಆ ಮರಳುವಿಕೆಯ ಅರ್ಥ ತೀರ ಬೇರೆಯಾದ ಈ ಕಾಲದ ಗದ್ಯದಲ್ಲಿಯೂ ಕೆಲಸ ಮಾಡುತ್ತಿದೆ.

5

ಹಿರಿಯ ಕೃತಿಗಳೆಲ್ಲವೂ ನೆನಪಿನಲ್ಲಿ ಉಳಿಯುವ ಆರಂಭವನ್ನು ಪಡೆದಿವೆಯೆಂದು ಇದರ ಅರ್ಥವಲ್ಲ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕತೆಗಳೂ ಒಂದು ಪ್ರಾಕೃತ ಗಾಹೆಯಿಂದ ಮೊದಲಾಗಿ ಒಂದೇ ಬಗೆಯ ಸೂತ್ರವನ್ನು ಅನುಸರಿಸುತ್ತವೆ. ಅಜ್ಜಿಯ ಕತೆಗಳು ‘ಒಂದೂರಲ್ಲಿ ಒಬ್ಬ ರಾಜ’ನನ್ನು ಬಿಟ್ಟು ಆರಂಭವಾಗುವುದು ಅಪರೂಪ. ಸೂತ್ರಬದ್ಧವಾದ ಆರಂಭಕ್ಕೂ ಅದರದೇ ಆದ ಪ್ರಯೋಜನವಿದೆ. ಕೇಳುವ ಮಗುವಿಗೆ ಅದು ಸುದ್ದಿಯಲ್ಲ. ದೈನಂದಿನ ಮಾತು ನಿಂತು ಕತೆಯ ಮಾತು ತೊಡಗಿತೆಂಬ ಸೂಚನೆ. ಹೊಸತನವಿಲ್ಲದ ಆ ವಾಕ್ಯವನ್ನು ಮಕ್ಕಳು ಎಷ್ಟು ಪ್ರೀತಿಸುತ್ತಾರೆಂದರೆ, ಅಜ್ಜಿ ಅದನ್ನು ಬಿಟ್ಟು ಕತೆ ಹೇಳಲು ಹೊರಟರೆ ತಡೆಯುತ್ತಾರೆ. ಮೊದಲ ಸಾಲಿನ ಮೇಲಿನ ಪ್ರೀತಿಗೆ ಕುತೂಹಲಕ್ಕಿಂತ ಸಂಬಂಧವೇ ಮುಖ್ಯ ಕಾರಣವೆಂಬುದಕ್ಕೆ ಇದೂ ಒಂದು ಸಾಕ್ಷಿ.

ಈ ವಿಚಾರಕ್ಕೆ ನಮ್ಮ ಬೋಧನೆಯೊಡನೆ ನೇರ ಸಂಬಂಧವಿದೆ. ಕನ್ನಡವನ್ನು ಪಠ್ಯವಾಗಿ ಓದುವವರು ಹೆಚ್ಚಾಗಿ ‘ಆಯ್ದ ಭಾಗ’ಗಳನ್ನು ಓದುತ್ತಾರೆ. ಸಂಕಲನಕಾರರು ಸಹಜವಾಗಿಯೇ ರಸವತ್ತಾದ ಸನ್ನಿವೇಶಗಳನ್ನು ಆರಿಸುತ್ತಾರೆ: ಕರ್ಣನ ಪ್ರಸಂಗ, ದುರ್ಯೋಧನನ ವಿಲಾಪ, ದ್ರೌಪದಿಯ ಮೊರೆ. ಹಾಗಾಗಿ ಪಂಪಭಾರತದಲ್ಲಿ ಪರೀಕ್ಷೆ ಬರೆದು ತೇರ್ಗಡೆಯಾದ ವಿದ್ಯಾರ್ಥಿ ಅದರ ಮೊದಲ ಪದ್ಯವನ್ನು ಕೇಳದೆಯೇ ಹೋಗುವ ಸಂಭವವಿದೆ. ಯಾರೊಡನೆ ಮಾತನಾಡುತ್ತಿದ್ದೇವೆಂದು ತಿಳಿಯದೆ ಮಾತಿನ ಮಧ್ಯೆ ಸೇರಿಕೊಂಡವನ ಸ್ಥಿತಿ ಅವನದು. ಹಳಗನ್ನಡ ಕಷ್ಟವೆಂಬ ದೂರಿನಲ್ಲಿ ಒಂದು ಪಾಲು ಭಾಷೆಯದಾದರೆ ಇನ್ನೊಂದು ಪಾಲು ಈ ಅಪರಿಚಯದ್ದು.

ಹೊರನಾಡಿನಲ್ಲಿ ಈ ತೊಂದರೆ ಇನ್ನೂ ತೀವ್ರ. ನಮ್ಮ ತರಗತಿಗಳಿಗೆ ಬರುವ ಎಷ್ಟೋ ವಿದ್ಯಾರ್ಥಿಗಳ ಮನೆಮಾತು ತುಳು ಅಥವಾ ಯಾವುದಾದರೊಂದು ಪ್ರಾದೇಶಿಕ ಕನ್ನಡ. ಬೀದಿಯ ಮಾತು ಮರಾಠಿಯೋ ತಮಿಳೋ ಹಿಂದಿಯೋ. ಶಾಲೆಯ ಮಾತು ಇಂಗ್ಲಿಷ್. ಅವರಿಗೆ ಕನ್ನಡ ಮುಖ್ಯವಾಗಿ ಕಿವಿಯಿಂದ ಬಂದ ಭಾಷೆ. ಭಜನೆಯ ಪಲ್ಲವಿ, ಯಕ್ಷಗಾನದ ಸ್ತುತಿಪದ್ಯ, ಅಜ್ಜಿಯ ಕತೆಯ ಮೊದಲ ಮಾತು ಇಷ್ಟು ಅವರ ಆಸ್ತಿ. ನಾವು ಇದನ್ನು ಅಲ್ಪವೆಂದು ಎಣಿಸುವುದುಂಟು. ಆದರೆ ಗಮನಿಸಿದರೆ ಇವೆಲ್ಲ ಆರಂಭಗಳೇ. ಮನೆಯಲ್ಲಿ ಉಳಿದು ಬಂದುದು ಮೊದಲ ಸಾಲುಗಳು. ಅವುಗಳ ಮುಂದಿನದನ್ನು ಕೊಡಬೇಕಾದದ್ದು ತರಗತಿ. ತರಗತಿ ಮೊದಲ ಸಾಲನ್ನೇ ಬಿಟ್ಟು ನಡುವಿನಿಂದ ತೊಡಗಿದರೆ ಮನೆಗೂ ಪಠ್ಯಕ್ಕೂ ಇರಬಹುದಾಗಿದ್ದ ಒಂದೇ ಕೊಂಡಿಯೂ ಕಳಚಿಹೋಗುತ್ತದೆ.

ಆದುದರಿಂದ ಕನ್ನಡ ಅಧ್ಯಾಪಕರಲ್ಲಿ ಒಂದು ಸಣ್ಣ ವಿಜ್ಞಾಪನೆಯಿದೆ. ಪಠ್ಯವಾಗಿ ನಿಗದಿಯಾದ ಭಾಗ ಯಾವುದೇ ಇರಲಿ, ಆ ಕೃತಿಯ ಮೊದಲ ಪದ್ಯವನ್ನೋ ಮೊದಲ ವಾಕ್ಯವನ್ನೋ ಮೊದಲ ದಿನ ತರಗತಿಯಲ್ಲಿ ಗಟ್ಟಿಯಾಗಿ ಓದಬೇಕು. ಅರ್ಥವಾಗದಿದ್ದರೆ ಅವಸರ ಬೇಡ. ಅದು ಯಾರನ್ನು ಕರೆಯುತ್ತಿದೆ, ಯಾವ ಧಾಟಿಯಲ್ಲಿ ಕರೆಯುತ್ತಿದೆ ಎಂಬುದನ್ನಷ್ಟೇ ಕೇಳಿಸಿದರೆ ಸಾಕು. ಪಾಠ ಮುಗಿದ ದಿನ ಅದನ್ನೇ ಇನ್ನೊಮ್ಮೆ ಓದಬೇಕು. ಎರಡು ಓದುಗಳ ನಡುವೆ ತಮ್ಮಲ್ಲಿ ಏನು ಬದಲಾಯಿತೆಂಬುದನ್ನು ವಿದ್ಯಾರ್ಥಿಗಳೇ ಗುರುತಿಸುತ್ತಾರೆ. ವಿಮರ್ಶೆಯ ಪರಿಭಾಷೆಯನ್ನು ಕಲಿಸುವುದಕ್ಕಿಂತ ಇದು ಸುಲಭ, ಫಲವೂ ಹೆಚ್ಚು.

ಒಟ್ಟಿನಲ್ಲಿ ಹೇಳುವುದಾದರೆ, ಮೊದಲ ಸಾಲು ಕೃತಿಯಲ್ಲಿ ನಾವು ಮೊದಲು ಓದುವುದಾದರೂ ಕೊನೆಗೆ ಅರ್ಥವಾಗುವಂಥದು. ಅದು ಮೊದಲು ನಮ್ಮನ್ನು ಕೇಳುಗರನ್ನಾಗಿ ಸ್ವೀಕರಿಸುತ್ತದೆ. ಕೃತಿಯನ್ನು ಮುಗಿಸಿ ಬಂದವರಿಗೆ ತನ್ನ ಉಳಿದ ಅರ್ಥವನ್ನು ಒಪ್ಪಿಸುತ್ತದೆ. ಅರಸನ ಸಭೆಯಲ್ಲಿ ನಿಂತ ಪಂಪ, ಗುಡಿಯ ಮುಂದೆ ನಿಂತ ಕುಮಾರವ್ಯಾಸ, ಹೆಂಡತಿಯ ಮಾತಿಗೆ ತಲೆಬಾಗಿದ ಮುದ್ದಣ, ಜಗಲಿಯಲ್ಲಿ ಕುಳಿತ ಮಾಸ್ತಿ ಇವರೆಲ್ಲ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಕೇಳುಗರನ್ನು ಕರೆದಿದ್ದಾರೆ. ಆ ಕರೆ ಇಂದು ಮುಂಬಯಿಯ, ಚೆನ್ನೈಯ, ದೆಹಲಿಯ ಕನ್ನಡ ತರಗತಿಗಳಿಗೂ ತಲುಪುವಂಥದು. ಅದನ್ನು ತಲುಪಿಸುವ ಹೊಣೆ ಅಧ್ಯಾಪಕರಾದ ನಮ್ಮ ಮೇಲಿದೆ.